ಬೆಟ್ಟದ ಕಪ್ಪು ಬಿಳುಪು ಫೋಟೋ: ಈ ಬೂದು ಮಾಸಿದ್ದೋ, ಬೇಕೆಂದೇ ಇಟ್ಟದ್ದೋ?

ಓದುಗ_ಮುಳ್ಳೇರಿಯ ಕೇಳಿದ್ದು:

ನಮ್ಮೂರ ವಾಚನಾಲಯಕ್ಕೆ ಒಂದು ದೊಡ್ಡ ಕಪ್ಪು ಬಿಳುಪು ಫೋಟೋ ಬಂದಿದೆ. 20 ಇಂಚು ಅಗಲ, 16 ಇಂಚು ಎತ್ತರ, ಚೌಕಟ್ಟು ಇನ್ನೂ ಹಾಕಿಸಿಲ್ಲ. ಕಾಸರಗೋಡು ಜಿಲ್ಲೆಯ ರಾಣಿಪುರದ ಕಡೆಯಿಂದ ಮೂಡು ದಿಕ್ಕಿಗೆ, ಕೊಡಗಿನ ಬೆಟ್ಟಗಳತ್ತ ಮುಖಮಾಡಿ ಬೆಳಗ್ಗೆ ತೆಗೆದದ್ದು. ಎದುರಿಗೆ ಹುಲ್ಲಿನ ಇಳಿಜಾರು, ಅದರ ಮಡಿಕೆಗಳಲ್ಲಿ ಕಪ್ಪಗೆ ಶೋಲಾ ಕಾಡು (ಹುಲ್ಲುಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು), ಆಮೇಲೆ ಒಂದರ ಹಿಂದೊಂದು ಐದು ಸಾಲು ಬೆಟ್ಟ. ಐದನೆಯದಕ್ಕೂ ಆಕಾಶಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ. ಮನುಷ್ಯರಿಲ್ಲ, ಮನೆಯಿಲ್ಲ, ದಾರಿಯಿಲ್ಲ.

ನೋಡಿದವರಲ್ಲಿ ಅರ್ಧ ಜನ "ಚೆಂದ ಉಂಟು" ಅಂತ ಮುಂದೆ ಹೋಗುತ್ತಾರೆ. ಉಳಿದವರು "ಮಾಸಿಹೋದ ಹಾಗಿದೆ, ಕಾಂಟ್ರಾಸ್ಟ್ ಏರಿಸಿ ಇನ್ನೊಂದು ಪ್ರಿಂಟ್ ಹಾಕಿಸಿ" ಅನ್ನುತ್ತಾರೆ. ಅಮೆರಿಕದ ಆನ್ಸೆಲ್ ಆಡಮ್ಸ್ ತೆಗೆದ ಬೆಟ್ಟಗಳಲ್ಲಿ ಆಕಾಶ ಮಸಿಯಂತೆ ಕಪ್ಪು, ಹಿಮ ಸುಣ್ಣದಂತೆ ಬಿಳಿ. ಅದನ್ನೇ ಮೊಬೈಲಿನಲ್ಲಿ ತೋರಿಸಿ ಹೋಲಿಸುತ್ತಾರೆ.

ಹೈಸ್ಕೂಲಿನ ಮಕ್ಕಳನ್ನು ಕೂರಿಸಿ ಈ ಒಂದೇ ಚಿತ್ರದ ಬಗ್ಗೆ ಒಂದು ಗಂಟೆ ಮಾತಾಡುವ ಯೋಚನೆ ಇದೆ. ಗೊತ್ತಿರುವವರು ದಯವಿಟ್ಟು ತಿಳಿಸಿ. ಇದನ್ನು ಹೇಗೆ ನೋಡಬೇಕು? ಬೂದು ತಪ್ಪೋ ಗುಣವೋ ಅಂತ ಪರೀಕ್ಷೆ ಮಾಡುವುದು ಹೇಗೆ? ಮತ್ತೆ, ನಮ್ಮ ಮಳೆಗಾಲಕ್ಕೆ ಹಾಳಾಗದ ಹಾಗೆ ಎಲ್ಲಿ ತೂಗುಹಾಕುವುದು?

ಬೆಳ್ಳಿಲೇಪ:

ಮೊದಲು ನಿಲ್ಲುವ ಜಾಗ ಸರಿಮಾಡಿಕೊಳ್ಳಿ. ನಿಮ್ಮ ಚಿತ್ರ ಮೂಲೆಯಿಂದ ಮೂಲೆಗೆ ಸುಮಾರು 65 ಸೆಂ.ಮೀ. ಅಷ್ಟು ದೂರದಿಂದ ಹಿಡಿದು ಅದರ ಒಂದೂವರೆ ಪಟ್ಟು, ಅಂದರೆ 1 ಮೀಟರಿನ ಒಳಗೆ ನಿಂತರೆ ಇಡೀ ಚಿತ್ರ ಒಟ್ಟಿಗೆ ಕಣ್ಣಿಗೆ ಸಿಗುತ್ತದೆ. ಮೂರು ಮೀಟರ್ ಆಚೆಯಿಂದ ನೋಡಿ "ಮಾಸಿದೆ" ಅಂದವರಿಗೆ ಸಣ್ಣ ವ್ಯತ್ಯಾಸಗಳು ತಲುಪಿಯೇ ಇಲ್ಲ. ದೂರದಿಂದ ನೋಡಿದ ಮೇಲೆ ಒಂದು ಗೇಣಿನಷ್ಟು ಹತ್ತಿರಕ್ಕೂ ಹೋಗಿ. ಹುಲ್ಲಿನ ಎಳೆ, ಶೋಲಾ ಮರಗಳ ನೆತ್ತಿ, ಫಿಲ್ಮಿನ ಕಾಳು ಎಲ್ಲ ಅಲ್ಲೇ ಕಾಣುವುದು.

ಮಕ್ಕಳಿಂದ ಮೊದಲು ಮಾಡಿಸಬೇಕಾದ್ದು: ಕಣ್ಣು ಅರ್ಧ ಮುಚ್ಚಿ ನೋಡುವುದು. ವಿವರಗಳೆಲ್ಲ ಕರಗಿ ಮೂರೋ ನಾಲ್ಕೋ ದೊಡ್ಡ ತುಂಡುಗಳು ಉಳಿಯುತ್ತವೆ. ಯಾವ ತುಂಡು ಭಾರ, ಯಾವುದು ಹಗುರ, ಭಾರವೆಲ್ಲ ಒಂದೇ ಮೂಲೆಗೆ ಜಾರಿದೆಯೋ ಎಂದು ಕೇಳಿ. ಆಮೇಲೆ ಚಿತ್ರವನ್ನೇ ತಲೆಕೆಳಗು ಮಾಡಿ ಇಡಿ. "ಬೆಟ್ಟ", "ಆಕಾಶ" ಎಂಬ ಹೆಸರುಗಳು ಮನಸ್ಸಿನಿಂದ ಬಿಟ್ಟುಹೋಗಿ ಬರೀ ಆಕಾರಗಳು ಕಾಣತೊಡಗುತ್ತವೆ. ಈ ಎರಡಕ್ಕೆ ಹತ್ತು ನಿಮಿಷ ಸಾಕು.

ಬೂದನ್ನು ಅಳೆಯುವುದು ಇದಕ್ಕಿಂತ ಮುಖ್ಯ, ಯಾಕೆಂದರೆ ಇಲ್ಲಿ ಕಣ್ಣು ಮೋಸಹೋಗುತ್ತದೆ. ಒಂದೇ ಬೂದು ಕಪ್ಪಿನ ಪಕ್ಕದಲ್ಲಿ ಬಿಳಿಯಾಗಿಯೂ ಬಿಳಿಯ ಪಕ್ಕದಲ್ಲಿ ಕಪ್ಪಾಗಿಯೂ ಕಾಣುತ್ತದೆ. ಅದಕ್ಕೆ ಮದ್ದು ಒಂದು ತುಂಡು ಕಪ್ಪು ಡ್ರಾಯಿಂಗ್ ಶೀಟ್ ಮತ್ತು ಆಫೀಸಿನ ಪಂಚಿಂಗ್ ಮೆಷಿನ್. ಒಂದೇ ಒತ್ತಿಗೆ ಸುಮಾರು 8 ಸೆಂ.ಮೀ. ಅಂತರದಲ್ಲಿ ಎರಡು ತೂತು ಬೀಳುತ್ತವೆ. ಒಂದು ತೂತು ಮೂರನೆಯ ಸಾಲಿನ ಮೇಲೆ, ಇನ್ನೊಂದು ನಾಲ್ಕನೆಯದರ ಮೇಲೆ ಬರುವ ಹಾಗೆ ಹಾಳೆಯನ್ನು ಓರೆಮಾಡಿ ಹಿಡಿಯಿರಿ. ಪ್ರಿಂಟಿಗೆ ತಾಗಬಾರದು, ಅರ್ಧ ಇಂಚು ಮೇಲೆ ಇರಲಿ, ಹಾಳೆಯ ನೆರಳು ಒಳಗೆ ಬೀಳದಿರಲಿ. ಈಗ ಅಕ್ಕಪಕ್ಕದ ಪ್ರಭಾವ ಇಲ್ಲದೆ ಎರಡು ಬೂದುಗಳು ಮಾತ್ರ ಎದುರುಬದುರು.

ಇವನ್ನು ಎಣಿಸಲು ಒಂದು ಏಣಿ ಉಂಟು. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1939-40ರ ಹೊತ್ತಿಗೆ ರೂಪಿಸಿದ ಝೋನ್ ಪದ್ಧತಿ. 0 ಅಂದರೆ ಅಚ್ಚ ಕಪ್ಪು, 10 ಅಂದರೆ ಕಾಗದದ ಬಿಳಿ, ಒಟ್ಟು 11 ಮೆಟ್ಟಿಲು. ನಡುವಿನ 5 ಅಂದರೆ ಬಿದ್ದ ಬೆಳಕಿನ ನೂರಕ್ಕೆ 18 ಪಾಲು ಹಿಂದೆ ಕಳಿಸುವ ಬೂದು. ಕ್ಯಾಮರಾದಲ್ಲಿ ಒಂದು ಮೆಟ್ಟಿಲು ಹತ್ತಿದರೆ ಬೆಳಕು ಎರಡು ಪಟ್ಟು. ನೀವು ಹೇಳಿದ ವಿವರಣೆಯಂತೆ ಶೋಲಾ ಕಾಡು 2ರ ಹತ್ತಿರ, ಹುಲ್ಲು 4ರ ಹತ್ತಿರ, ಬೆಟ್ಟಗಳು 5ರಿಂದ ಹತ್ತುತ್ತಾ ಹೋಗಿ ಐದನೆಯ ಸಾಲು 8ರಲ್ಲಿ, ಆಕಾಶ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ಇರಬೇಕು.

ಕಾಂಟ್ರಾಸ್ಟ್ ಏರಿಸಿದರೆ ಆಗುವುದೇನು ಎಂದು ಈಗ ಹೇಳಬಹುದು. ಡಾರ್ಕ್‌ರೂಮಿನಲ್ಲಿ 2ನೇ ಗ್ರೇಡಿನ ಕಾಗದ ಬಿಟ್ಟು, ಕಾಂಟ್ರಾಸ್ಟ್ ಹೆಚ್ಚು ಕೊಡುವ 4ನೇ ಗ್ರೇಡಿನದ್ದು ತೆಗೆದುಕೊಂಡರೆ ನಡುವಿನ ಬೂದುಗಳು ದೂರದೂರ ಸರಿಯುತ್ತವೆ, ಎರಡು ತುದಿಗಳು ಗೋಡೆಗೆ ಹೋಗಿ ಅಪ್ಪಳಿಸುತ್ತವೆ. 2ರಲ್ಲಿದ್ದ ಕಾಡಿನ ಮರಗಳು 0ಗೆ ಇಳಿದು ಬರೀ ಕಪ್ಪು ಕಲೆ. 8ರಲ್ಲಿದ್ದ ಐದನೆಯ ಸಾಲು ಆಕಾಶದ ಜೊತೆಗೆ ಬಿಳಿ ಕಾಗದ. ಚಿತ್ರ "ಎದ್ದು" ಕಾಣುತ್ತದೆ, ಹೌದು. ಆದರೆ ಐದು ಸಾಲು ಇದ್ದದ್ದು ನಾಲ್ಕಾಗುತ್ತದೆ. ಆ ಐದನೆಯ ಸಾಲನ್ನು ಆಕಾಶದಿಂದ ಬಿಡಿಸಿ ನಿಲ್ಲಿಸುವುದೇ ಈ ಪ್ರಿಂಟಿನ ಅತಿ ಕಷ್ಟದ ಕೆಲಸ. ಮಾಡಿದವರು ಅದನ್ನು ಉಳಿಸಿದ್ದಾರೆಂದರೆ ಬೂದು ಅವರ ಕೈತಪ್ಪಿ ಬಂದದ್ದಲ್ಲ.

ಘಟ್ಟದ_ಬುಡ:

ಮೇಲಿನವರು ಕಾಗದದ ಕಡೆಯಿಂದ ಹೇಳಿದರು. ನಾನು ಬೆಟ್ಟದ ಕಡೆಯಿಂದ ಹೇಳುತ್ತೇನೆ.

ಐದು ಸಾಲಿನ ಮೇಲೂ ಇರುವುದು ಹೆಚ್ಚುಕಡಿಮೆ ಅದೇ ಹುಲ್ಲು, ಅದೇ ಕಾಡು. ಬೇರೆಬೇರೆ ಬೂದು ಬಂದದ್ದು ನಡುವೆ ಇರುವ ಗಾಳಿಯಿಂದ. ಗಾಳಿಯಲ್ಲಿ ಚದುರಿದ ಬೆಳಕು ದೂರದ ಕಪ್ಪಿನ ಮೇಲೆ ತೆಳ್ಳಗೆ ಸುಣ್ಣ ಬಳಿದ ಹಾಗೆ ಕೂರುತ್ತದೆ. ದೂರ ಹೆಚ್ಚಿದಷ್ಟೂ ಬಳಿದದ್ದು ದಪ್ಪ. ಹಾಗಾಗಿ ನಿಮ್ಮ ಚಿತ್ರದಲ್ಲಿ ಬೂದು ಅಂದರೆ ದೂರದ ಅಳತೆಗೋಲು. ಮನುಷ್ಯ, ಮನೆ, ದಾರಿ ಯಾವುದೂ ಇಲ್ಲದ ಜಾಗದಲ್ಲಿ ಬೆಟ್ಟ ಎಷ್ಟು ದೊಡ್ಡದು, ಎಷ್ಟು ಹಿಂದೆ ಉಂಟು ಎಂದು ಹೇಳಲು ಇದರಷ್ಟು ದೊಡ್ಡ ಸಾಕ್ಷಿ ಬೇರೆ ಇಲ್ಲ. ಇನ್ನೊಂದು ಸಣ್ಣ ಸಾಕ್ಷಿ ಶೋಲಾ ಮರಗಳ ನೆತ್ತಿ. ಮೊದಲ ಇಳಿಜಾರಿನಲ್ಲಿ ಒಂದೊಂದು ಮರದ ಉರುಟು ಬೇರೆಯಾಗಿ ಕಂಡು, ಎರಡನೆಯ ಸಾಲಿನಲ್ಲಿ ಅದು ಬರೀ ಉಣ್ಣೆಯ ಹಾಗೆ ಆಗಿದ್ದರೆ ನಡುವಿನ ಕಣಿವೆಯ ಅಗಲ ತಾನಾಗಿ ಗೊತ್ತಾಗುತ್ತದೆ. ಮಕ್ಕಳಿಗೆ ಇದನ್ನು ಬೆರಳಿಟ್ಟು ತೋರಿಸಿ.

ಬೆಳಗ್ಗೆ ತೆಗೆದದ್ದು ಯಾಕೆ ಎಂಬುದೂ ಚಿತ್ರದಲ್ಲೇ ಇದೆ. ನಮ್ಮ ಕಡೆಯಿಂದ ಮೂಡಿಗೆ ನೋಡುವಾಗ ಬೆಳಗ್ಗೆ ಸೂರ್ಯ ಎದುರಿಗೆ. ನಮಗೆ ಕಾಣುವ ಮೈಯೆಲ್ಲ ನೆರಳು, ಮಡಿಕೆಗಳು ಅಡಗುತ್ತವೆ, ಪ್ರತಿ ಸಾಲೂ ಕತ್ತರಿಸಿದ ಕಾಗದದಂತೆ ಚಪ್ಪಟೆ. ಎದುರು ಬಿಸಿಲಿಗೆ ನಡುವಿನ ಮಬ್ಬು ಮಾತ್ರ ಹೊಳೆಯುತ್ತದೆ. ಸಂಜೆ ನಾಲ್ಕೂವರೆಗೆ ಅಲ್ಲೇ ನಿಂತರೆ ಬಿಸಿಲು ನಮ್ಮ ಬೆನ್ನಿನಿಂದ ಬಂದು ಬಂಡೆ, ತೋಡು, ಮಡಿಕೆ ಎಲ್ಲ ಬಿಡಿಸಿ ಕಾಣುತ್ತವೆ, ಆದರೆ ಮಬ್ಬು ಮಂಕಾಗಿ ಸಾಲಿಗೆ ಸಾಲು ಅಂಟಿಕೊಳ್ಳುತ್ತದೆ. ಬೆಳಗ್ಗೆ ಹೋದವರು ಬಂಡೆ ಬಿಟ್ಟು ಗಾಳಿಯನ್ನು ಆರಿಸಿಕೊಂಡಿದ್ದಾರೆ.

ಆಡಮ್ಸ್ ಹೋಲಿಕೆ ನನಗೆ ಒಪ್ಪಿಗೆಯಿಲ್ಲ, ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆ ಕಪ್ಪು ಆಕಾಶದ ಮೂಲ 1927ರ ಏಪ್ರಿಲ್ 10ರಂದು ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಚಿತ್ರ. ಮೊದಲು ಲೆನ್ಸಿನ ಮುಂದೆ ಹಳದಿ ಫಿಲ್ಟರ್ (ಬಣ್ಣದ ಗಾಜು) ಹಾಕಿ ತೆಗೆದರು. ಆಕಾಶ ಸಾದಾ ಬೂದಾಗಿ ಬರುತ್ತದೆಂದು ಹೊಳೆದು, ಉಳಿದ ಕೊನೆಯ ಗಾಜಿನ ಪ್ಲೇಟಿಗೆ ಗಾಢ ಕೆಂಪು 29ನೇ ನಂಬರಿನ ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿಯನ್ನು ತಡೆಯುತ್ತದೆ, ಆದ್ದರಿಂದ ನೀಲಿ ಆಕಾಶ ಕಪ್ಪಾಯಿತು. ನೆರಳಿಗೆ ಬೆಳಕು ಬರುವುದೂ ನೀಲಿ ಆಕಾಶದಿಂದಲೇ, ಹಾಗಾಗಿ ನೆರಳೂ ಕಪ್ಪಾಯಿತು. ಅಲ್ಲಿ ಇದು ನಡೆದದ್ದು ಗಾಳಿ ಒಣಗಿದ್ದು, ಆಕಾಶ ಕಡುನೀಲಿ, ಬಂಡೆ ತಿಳಿಬಣ್ಣದ ಗ್ರಾನೈಟ್ ಆದ್ದರಿಂದ.

ಅದೇ ಕೆಂಪು ಫಿಲ್ಟರನ್ನು ರಾಣಿಪುರದಲ್ಲಿ ಹಾಕಿ ನೋಡಿ. ಕರಾವಳಿಯ ತೇವಕ್ಕೆ ಆಕಾಶ ಬೆಳ್ಳಗೆ ಉಂಟು, ತಡೆಯಲು ಅದರಲ್ಲಿ ನೀಲಿಯೇ ಕಡಿಮೆ, ಅದು ಕಪ್ಪಾಗುವುದಿಲ್ಲ. ಎಲೆಯ ಹಸಿರು ಕೆಂಪು ಬೆಳಕನ್ನು ನುಂಗುತ್ತದೆ, ಹಾಗಾಗಿ ಕಾಡು ಮಾತ್ರ ಇದ್ದಲಾಗುತ್ತದೆ. ಜೊತೆಗೆ 29ಕ್ಕಿಂತ ತಿಳಿಯಾದ 25ನೇ ನಂಬರಿನ ಕೆಂಪಿಗೇ 3 ಸ್ಟಾಪ್ ಬೆಳಕು ಹೆಚ್ಚು ಕೊಡಬೇಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು), ಅಷ್ಟು ಹೊತ್ತು ಕ್ಯಾಮರಾ ತೆರೆದಿಟ್ಟರೆ ಗಾಳಿಗೆ ಹುಲ್ಲು ಅಲುಗಿ ಕಲಸಿಹೋಗುತ್ತದೆ. ನಮ್ಮ ಘಟ್ಟಕ್ಕೆ ಹೊಂದುವುದು ಹಳದಿ 8 (1 ಸ್ಟಾಪ್), ಇಲ್ಲವೇ ಹಳದಿ-ಹಸಿರು 11 (2 ಸ್ಟಾಪ್). ಎರಡನೆಯದು ಎಲೆಗಳನ್ನು ಒಂದಿಷ್ಟು ತಿಳಿಮಾಡಿ ಕಾಡಿನೊಳಗೆ ವಿವರ ತರುತ್ತದೆ. ಸಾಲುಗಳೇ ಬೇಕಾದಾಗ ಫಿಲ್ಟರ್ ಹಾಕದೆ ಇರುವುದೂ ಒಳ್ಳೆಯ ನಿರ್ಧಾರ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಮಬ್ಬು ಬೇರೆ, ಮಂಜು ಬೇರೆ. ನೀಲಿ ಮಬ್ಬಿನ ಕಣಗಳು ಬೆಳಕಿನ ಅಲೆಗಿಂತ ಸಣ್ಣವು, ನೀಲಿಯನ್ನೇ ಹೆಚ್ಚು ಚದುರಿಸುತ್ತವೆ. ಅದನ್ನು ಕೆಂಪು ಫಿಲ್ಟರ್ ಕತ್ತರಿಸುತ್ತದೆ. ಮಂಜಿನ ಹನಿಗಳು ಅಲೆಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತವೆ. ಯಾವ ಫಿಲ್ಟರಿಗೂ ಅದು ಜಗ್ಗುವುದಿಲ್ಲ. 19ನೇ ಶತಮಾನದ ಹಿಮಾಲಯದ ಚಿತ್ರಗಳಲ್ಲಿ, ಉದಾಹರಣೆಗೆ 1863ರಿಂದ 1866ರ ನಡುವೆ ಸ್ಯಾಮ್ಯುಯೆಲ್ ಬೋರ್ನ್ ತೆಗೆದ ಚಿತ್ರಗಳಲ್ಲಿ, ದೂರದ ಬೆಟ್ಟ ಬಿಳಿಚಿಕೊಂಡು ಆಕಾಶ ಖಾಲಿ ಕಾಣುವುದಕ್ಕೂ ಕಾರಣ ಇದೇ ನೀಲಿ. ಆಗಿನ ಹಸಿ ಪ್ಲೇಟಿಗೆ (ಲೇಪ ಒಣಗುವ ಮೊದಲೇ ಬಳಸುತ್ತಿದ್ದ ಗಾಜಿನ ಪ್ಲೇಟಿಗೆ) ಕಾಣುತ್ತಿದ್ದದ್ದು ಹೆಚ್ಚಾಗಿ ನೀಲಿ ಬೆಳಕು ಮಾತ್ರ, ಹಾಗಾಗಿ ಆಕಾಶ ಮಿತಿಮೀರಿ ಬಿಳಿಯಾಗುತ್ತಿತ್ತು.

ಆಡಮ್ಸ್ ಅಂದರೆ ಬರೀ ಕಪ್ಪು ಆಕಾಶವೂ ಅಲ್ಲ. 1942ರ ಟೀಟನ್ ಬೆಟ್ಟ ಮತ್ತು ಸ್ನೇಕ್ ನದಿಯ ಚಿತ್ರ ಹುಡುಕಿ ನೋಡಿ; 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಹೋದ, ಭೂಮಿಯ ಚಿತ್ರ-ಧ್ವನಿಗಳಿರುವ ತಟ್ಟೆಯಲ್ಲಿ ಅದೂ ಇದೆ. ಹೊಳೆಯುವ ನದಿಯ ಬಾಗು ಕಣ್ಣನ್ನು ಬೆಟ್ಟದ ಬುಡದವರೆಗೆ ಕರೆದುಕೊಂಡು ಹೋಗುತ್ತದೆ, ದಂಡೆಯ ಕಾಡೆಲ್ಲ ಬೂದಿನ ಹತ್ತಾರು ಮೆಟ್ಟಿಲು. ಹೋಲಿಸುವುದಾದರೆ ಅದರ ಜೊತೆ ಹೋಲಿಸಲಿ.

ಮತ್ತೆ "ಕಾಡುಬೆಟ್ಟ" ಎಂಬುದನ್ನು ಅಂಚುಗಳಲ್ಲಿ ಓದಲಿಕ್ಕಾಗುತ್ತದೆ. ಶೋಲಾದ ಅಂಚು ನೀರಿನ ಮಡಿಕೆಯ ಜೊತೆ ಬಳುಕುತ್ತದೆ. ಎಲ್ಲಾದರೂ ನೇರ ಗೆರೆ, ಒಂದೇ ಎತ್ತರದ ಮರಗಳ ಚೌಕ ಕಂಡರೆ ಅದು ನೆಟ್ಟ ತೋಪು.

ಕುಂಬಳೆ_ಕಡವು:

ಎಲ್ಲರೂ ಬೂದಿನ ಪರ ಹೋಗುವ ಮೊದಲು ಒಂದು ಎಚ್ಚರಿಕೆ. ಬೂದು ಗುಣ ಇರಬಹುದು, ಆದರೆ ಕಪ್ಪೇ ಇಲ್ಲದ ಬೂದು ತಪ್ಪೇ. ದೂರದ ಬೆಟ್ಟ ತಿಳಿಯಾಗಿ ಕಾಣಬೇಕಾದರೆ ಹತ್ತಿರದಲ್ಲಿ ಒಂದು ಕಡೆಯಾದರೂ ಗಟ್ಟಿ ಕಪ್ಪು ಇರಬೇಕು. ಅದಿಲ್ಲದಿದ್ದರೆ ನಿಮ್ಮ ಊರಿನವರು ಹೇಳಿದ್ದೇ ಸರಿ, ಪ್ರಿಂಟ್ ಸೊರಗಿದೆ.

ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪನ್ನು ರಟ್ಟಿಗೆ ಅಂಟಿಸಿ (ಪ್ರಿಂಟಿಗೆ ಅಲ್ಲ), ಶೋಲಾದ ಅತಿ ಕಪ್ಪು ಜಾಗದ ಪಕ್ಕ ಹಿಡಿಯಿರಿ. ಹೊಳಪಿನ ಕಾಗದವಾದರೆ ಎರಡೂ ಹತ್ತಿರಹತ್ತಿರ ಇರಬೇಕು. ಒಳ್ಳೆಯ ಹೊಳಪಿನ ಕಾಗದದ ಕಪ್ಪು ಬೆಳಕಿನ ನೂರರಲ್ಲಿ ಒಂದು ಪಾಲನ್ನು ಮಾತ್ರ ಹಿಂದೆ ಕಳಿಸುತ್ತದೆ. ಮ್ಯಾಟ್ ಕಾಗದವಾದರೆ ಎರಡೂವರೆ ಪಾಲಿನ ಆಸುಪಾಸು, ಅದಕ್ಕಿಂತ ಕಪ್ಪು ಬರುವುದಿಲ್ಲ. ಅದು ಕಾಗದದ ಸ್ವಭಾವ, ಪ್ರಿಂಟ್ ಮಾಡಿದವರ ತಪ್ಪಲ್ಲ.

ಆಮೇಲೆ ಬಿಳಿ ಅಂಚು ನೋಡಿ. ಅಂಚೇ ಬೂದಾಗಿದ್ದರೆ ಕಾಗದ ಅವಧಿ ಮೀರಿದ್ದು ಅಥವಾ ಡಾರ್ಕ್‌ರೂಮಿನ ಕೆಂಪು ದೀಪದಿಂದ ಮಂಕು ಹಿಡಿದದ್ದು, ಆಗ ಇಡೀ ಚಿತ್ರದ ಬಿಳಿ ಕೊಳೆಯಾಗಿರುತ್ತದೆ. ಅಂಚಿನಲ್ಲಿ ಹಳದಿ-ಕಂದು ಕಲೆ ಇದ್ದರೆ ಹೈಪೋ (ಚಿತ್ರವನ್ನು ಕಾಗದದ ಮೇಲೆ ಸ್ಥಿರಗೊಳಿಸುವ ರಾಸಾಯನಿಕ) ಸರಿಯಾಗಿ ತೊಳೆದುಹೋಗಿಲ್ಲ.

ಅದು ಬೆಳ್ಳಿಯ ಪ್ರಿಂಟೋ (ಬೆಳ್ಳಿ ಲೇಪದ ಕಾಗದದ ಮೇಲೆ ಬೆಳಕು ಬೀಳಿಸಿ ಮಾಡಿದ್ದು), ಶಾಯಿ ಚಿಮ್ಮಿಸಿ ಮಾಡಿದ ಇಂಕ್‌ಜೆಟ್ಟೋ ಎಂದೂ ಮೊದಲೇ ತಿಳಿದುಕೊಳ್ಳಿ, 10 ಪಟ್ಟಿನ ಭೂತಗನ್ನಡಿ ಸಾಕು. ತಿಳಿಬೂದಿನ ಜಾಗದಲ್ಲಿ ಬಿಡಿಬಿಡಿ ಚುಕ್ಕೆ, ಕೆಲವೊಮ್ಮೆ ಬಣ್ಣದ ಚುಕ್ಕೆ ಕಂಡರೆ ಇಂಕ್. ಇಂಕಿನದ್ದಾದರೆ ಬಿಸಿಲ ಬೆಳಕಿನಲ್ಲಿ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ ನೋಡಿ. ಬೂದಿಗೆ ಹಸಿರೋ ನೇರಳೆಯೋ ಛಾಯೆ ತಿರುಗಿದರೆ ಅದು ದೋಷವೇ.

ಓದುಗ_ಮುಳ್ಳೇರಿಯ:

ಎಲ್ಲರಿಗೂ ತುಂಬ ಉಪಕಾರವಾಯಿತು. ಪರೀಕ್ಷೆ ಮಾಡಿದ್ದು ಹೀಗೆ. ಕಾಗದ ಹೊಳಪಿನದ್ದು, ಚುಕ್ಕೆಗಳಿಲ್ಲ, ಅಂಚು ಬಿಳಿ. ಶೋಲಾದ ಕಪ್ಪು ಟೇಪಿಗೆ ಹತ್ತಿರವೇ ಇದೆ, ಆದರೂ ಒಳಗೆ ಮರಗಳ ಉರುಟು ಕಾಣುತ್ತದೆ. ತೂತಿನ ಹಾಳೆಯಲ್ಲಿ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಸ್ಪಷ್ಟ ವ್ಯತ್ಯಾಸ, ಐದನೆಯದಕ್ಕೂ ಆಕಾಶಕ್ಕೂ ತೀರಾ ಸಣ್ಣದು, ಆದರೆ ಉಂಟು. ಒಂದು ಸಂಶಯ: ಎರಡನೆಯ ಸಾಲಿನ ನೆತ್ತಿಯುದ್ದಕ್ಕೂ ತೆಳ್ಳಗೆ ಬಿಳಿ ಗೆರೆ ಇದೆ. ಅದು ಪ್ರಿಂಟ್ ಮಾಡುವಾಗ ಕೈಯಾಡಿಸಿದ ಗುರುತೋ?

ಬೆಳ್ಳಿಲೇಪ:

ಎರಡು ಸಾಧ್ಯತೆ ಇದೆ, ಭೂತಗನ್ನಡಿ ಇಟ್ಟು ಬೇರ್ಪಡಿಸಿ. ಎದುರು ಬಿಸಿಲಿಗೆ ನೆತ್ತಿಯ ಹುಲ್ಲು ಹೊಳೆದು ಬಂದ ಗೆರೆಯಾದರೆ ಅದು ಅಲ್ಲಲ್ಲಿ ತುಂಡಾಗಿರುತ್ತದೆ, ಎಲ್ಲಿ ಹುಲ್ಲು ನಿಂತು ಕಾಡು ಅಥವಾ ಬಂಡೆ ಶುರುವಾಗುತ್ತದೋ ಅಲ್ಲಿ ನಿಲ್ಲುತ್ತದೆ, ಮತ್ತು ಬೆಟ್ಟದ ಅಂಚಿನ ಒಳಗೇ ಇರುತ್ತದೆ. ಪ್ರಿಂಟಿನಲ್ಲಿ ಬೆಟ್ಟಕ್ಕೂ ಆಕಾಶಕ್ಕೂ ಬೇರೆಬೇರೆ ಹೊತ್ತು ಬೆಳಕು ಕೊಡುವಾಗ ಅಡ್ಡ ಹಿಡಿದ ರಟ್ಟು ಸರಿಯಾಗಿ ಅಲುಗದಿದ್ದರೆ ಬರುವುದು ಮೆತ್ತಗಿನ ಅಗಲ ಪಟ್ಟೆ, ಅದು ಹುಲ್ಲು, ಬಂಡೆ ಎಂದು ನೋಡದೆ ಒಂದೇ ಸಮ ಹೋಗುತ್ತದೆ. ಕಂಪ್ಯೂಟರಿನಲ್ಲಿ ಅತಿಯಾಗಿ ಚೂಪು ಮಾಡಿದಾಗ ಬರುವ ಗೆರೆಯೂ ಒಂದೇ ಅಗಲ, ಆದರೆ ಅದು ಅಂಚಿನ ಹೊರಗೆ, ಹಿಂದಿನ ಬೆಟ್ಟದ ಮೇಲೆ ಬೀಳುತ್ತದೆ.

ಓದುಗ_ಮುಳ್ಳೇರಿಯ:

ತುಂಡುತುಂಡಾಗಿದೆ, ಕಾಡಿನ ನೆತ್ತಿಯಲ್ಲಿ ಇಲ್ಲವೇ ಇಲ್ಲ. ಹಾಗಾದರೆ ಹುಲ್ಲೇ. ಇನ್ನು ತೂಗುಹಾಕುವುದೊಂದು ಬಾಕಿ. ಹಂಚಿನ ಮಾಡು, ಮುರಕಲ್ಲಿನ ಗೋಡೆ, ಈಗಷ್ಟೇ ಬಾಗಿಲಿಗೆ ಪೈಂಟ್ ಹೊಡೆಸಿದ್ದೇವೆ.

ಕುಂಬಳೆ_ಕಡವು:

ಪೈಂಟಿನ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಒಂದು ತಿಂಗಳು, ಪ್ರಿಂಟನ್ನು ಆ ಕೋಣೆಗೆ ತರಲೇಬೇಡಿ. ಎಣ್ಣೆ ಪೈಂಟು ಒಣಗುವಾಗ ಬರುವ ಆವಿ ಬೆಳ್ಳಿಯನ್ನು ತಿನ್ನುತ್ತದೆ, ಕಂದು-ಕಿತ್ತಳೆ ಚುಕ್ಕೆ ಬೀಳುತ್ತವೆ, ಕಪ್ಪಿನ ಮೇಲೆ ಕನ್ನಡಿಯಂಥ ಹೊಳಪು ಬರುತ್ತದೆ. ಒಮ್ಮೆ ಬಂದದ್ದು ಹೋಗುವುದಿಲ್ಲ.

ಮಳೆ ಬಡಿಯುವ ಪಡು ಗೋಡೆ ಬೇಡ. ಮುರಕಲ್ಲು ನೀರು ಕುಡಿದು ಒಳಗಡೆ ವಾರಗಟ್ಟಲೆ ತಂಪಾಗಿರುತ್ತದೆ. ಹೊರಗೆ ತಾಗದ ನಡುಗೋಡೆ ಒಳ್ಳೆಯದು, ಕಿಟಕಿಯ ಎದುರುಬದುರು ಅಲ್ಲದಿದ್ದರೆ ಗಾಜಿನಲ್ಲಿ ಪ್ರತಿಬಿಂಬವೂ ತಪ್ಪುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿಯ ಬಿರಡೆಯಿಂದ ಕೊಯ್ದ ಒಂದು ಸೆಂ.ಮೀ. ದಪ್ಪದ ತುಂಡು ಅಂಟಿಸಿ, ಹಿಂದೆ ಗಾಳಿಯಾಡಲಿ.

ಗಾಜು ಪ್ರಿಂಟಿಗೆ ತಾಗಬಾರದು, ಇದು ಎಲ್ಲಕ್ಕಿಂತ ಮುಖ್ಯ. ಪ್ರಿಂಟಿನ ಮೇಲ್ಮೈ ಜೆಲಟಿನ್. ಆಟಿ ತಿಂಗಳ ಜೋರು ಮಳೆಯಲ್ಲಿ ಅದು ತೇವ ಹೀರಿ ಮೆತ್ತಗಾಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ, ಬಿಡಿಸಲು ಹೋದರೆ ಚಿತ್ರವೇ ಎದ್ದುಬರುತ್ತದೆ. ನಡುವೆ ಆಮ್ಲರಹಿತ ಮೌಂಟ್ ಬೋರ್ಡಿನ ಕಿಟಕಿ (ಚಿತ್ರ ಕಾಣುವಷ್ಟು ನಡುಭಾಗ ಕೊಯ್ದು ತೆಗೆದ ರಟ್ಟು), ಒಂದೂವರೆ ಮಿ.ಮೀ. ದಪ್ಪದ್ದು, ಸುತ್ತ ಮೂರು ಇಂಚು ಅಗಲ. ಪ್ರಿಂಟನ್ನು ಗೋಂದು, ಸೆಲ್ಲೋಟೇಪ್ ಯಾವುದರಿಂದಲೂ ಅಂಟಿಸಬೇಡಿ. ಮೂಲೆಗಳನ್ನು ಕಾಗದದ ಜೇಬುಗಳಿಗೆ ಸಿಕ್ಕಿಸಿದರೆ ಸಾಕು. ಬೆನ್ನಿಗೆ ಪ್ಲೈವುಡ್ ಬೇಡ, ಅದರ ಆಮ್ಲ ವರ್ಷಗಳಲ್ಲಿ ಕಾಗದವನ್ನು ಹಳದಿ ಮಾಡುತ್ತದೆ. ಅದೇ ಆಮ್ಲರಹಿತ ಬೋರ್ಡ್ ಇನ್ನೊಂದು ಹಾಕಿಸಿ.

ತೇವ ನೂರಕ್ಕೆ 65-70 ದಾಟಿದರೆ ಬೂಷ್ಟು ಶುರು, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಬರುವುದೇ ಅಪರೂಪ. ಕೈಲಾದರೆ ಆ ನಾಲ್ಕು ತಿಂಗಳು ಇಳಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಜೊತೆ ಮಲಗಿಸಿಡಿ. ಬಣ್ಣ ಬದಲಾದಾಗ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ಆರಿಸಿ ಮತ್ತೆ ಹಾಕಬಹುದು. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಇಳಿಸಲು ಆಗದಿದ್ದರೆ ತಿಂಗಳಿಗೊಮ್ಮೆ ಹಿಂಬದಿ ನೋಡಿ. ನುಸಿಗುಳಿಗೆಯನ್ನು ಚೌಕಟ್ಟಿನೊಳಗೆ ಹಾಕುವ ಅಭ್ಯಾಸ ಬಿಡಿ.

ಘಟ್ಟದ_ಬುಡ:

ಎತ್ತರ ಮತ್ತು ದೀಪ ಬಿಟ್ಟುಹೋಗಿದೆ. ಚಿತ್ರದ ನಡು ನೆಲದಿಂದ 145 ಸೆಂ.ಮೀ. ಇರಲಿ, ಹೈಸ್ಕೂಲಿನ ಮಕ್ಕಳಿಗೂ ದೊಡ್ಡವರಿಗೂ ಆಗುತ್ತದೆ. ಮೇಲಿನಿಂದ ಒಂದೇ ಎಲ್‌ಇಡಿ, 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ದೀಪದ ಪೆಟ್ಟಿಗೆಯ ಮೇಲೆ ಇರುತ್ತದೆ), ಗೋಡೆಗೆ 30 ಡಿಗ್ರಿ ಓರೆಯಾಗಿ. ಅದಕ್ಕಿಂತ ನೇರ ಹಿಡಿದರೆ ಹೊಳಪಿನ ಕಾಗದದಲ್ಲಿ ದೀಪವೇ ಕಾಣುತ್ತದೆ.

ಎಷ್ಟು ಪ್ರಕಾಶ ಬೇಕು ಎಂಬುದಕ್ಕೆ ಮೀಟರ್ ಬೇಡ. ಒಬ್ಬರು ದೀಪವನ್ನು ಹಿಂದೆಮುಂದೆ ಸರಿಸಲಿ, ಇನ್ನೊಬ್ಬರು ಒಂದು ಮೀಟರ್ ದೂರ ನಿಲ್ಲಲಿ. ಬೆಳಕು ಕಡಿಮೆಯಾದರೆ ಶೋಲಾದ ಮರಗಳು ಮುಚ್ಚಿಹೋಗುತ್ತವೆ, ಹೆಚ್ಚಾದರೆ ಐದನೆಯ ಸಾಲು ಆಕಾಶದಲ್ಲಿ ಕರಗುತ್ತದೆ. ಎರಡೂ ಒಟ್ಟಿಗೆ ಕಾಣುವ ಜಾಗ ಸಿಕ್ಕಿದಲ್ಲಿ ಮೊಳೆ ಹೊಡೆಯಿರಿ.